ಪ್ರಶ್ನೋತ್ತರ: ಕ್ಯಾಮೆರಾ ಗುರುತಿಸುವ ಕಸೂತಿ

ಕಂಪ್ಯೂಟರ್ ಹೆಣೆದ ವಿನ್ಯಾಸವನ್ನು ಬಟ್ಟೆಗಿಳಿಸಿ, ಫೋನ್ ಹಿಡಿದಾಗ ಅದರ ಮೇಲೆ ಆಗ್‌ಮೆಂಟೆಡ್ ರಿಯಾಲಿಟಿ (ಎಆರ್) ದೃಶ್ಯ ಮೂಡಿಸುವ ಉಡುಪುಗಳ ಬಗ್ಗೆ ಬಂದ ಪ್ರಶ್ನೆಗಳು ಈ ಬಾರಿ.

ಕಸೂತಿಯ ಗೋಪುರ, ನವಿಲುಗಳನ್ನು ಸಾಲಾಗಿ ಜೋಡಿಸಿ ದುಪಟ್ಟಾಕ್ಕೆ ಡಿಜಿಟಲ್ ಪ್ರಿಂಟ್ ಹಾಕಿಸಿದ್ದೇನೆ. ಫೋನ್ ಹಿಡಿದರೆ ನವಿಲೊಂದು ಎದ್ದು ಗರಿ ಬಿಚ್ಚಬೇಕು. ಆದರೆ ಅದು ಒಮ್ಮೆ ಭುಜದ ಮೇಲೆ, ಮರುಕ್ಷಣ ದುಪಟ್ಟಾದ ತುದಿಯಲ್ಲಿ, ಕೆಲವೊಮ್ಮೆ ತಲೆಕೆಳಗಾಗಿ ಕಾಣುತ್ತದೆ. ತಪ್ಪೆಲ್ಲಿ?
— ವಿನ್ಯಾಸ ವಿದ್ಯಾರ್ಥಿನಿ, ಧಾರವಾಡ

ತಪ್ಪು ನವಿಲಿನದಲ್ಲ, ಸಾಲಿನದು. ಎಆರ್ ತಂತ್ರಾಂಶ ನವಿಲನ್ನು ನವಿಲೆಂದು ನೋಡುವುದಿಲ್ಲ. ಚಿತ್ರದಲ್ಲಿ ಮೂಲೆಗಳು, ಗೆರೆ ಮುರಿಯುವ ಜಾಗಗಳು, ಕಪ್ಪು-ಬಿಳುಪು ತಟ್ಟನೆ ಬದಲಾಗುವ ಬಿಂದುಗಳನ್ನು ಹುಡುಕಿ, ಅವುಗಳ ಪರಸ್ಪರ ಸ್ಥಾನದಿಂದ ಬಟ್ಟೆ ಎಲ್ಲಿದೆ, ಯಾವ ಕೋನಕ್ಕಿದೆ ಎಂದು ಲೆಕ್ಕ ಹಾಕುತ್ತದೆ. ಒಂದೇ ನವಿಲು ನಲವತ್ತು ಸಲ ಬಂದರೆ ಪ್ರತಿ ಬಿಂದುವಿಗೂ ನಲವತ್ತು ಜೋಡಿ ಸಿಗುತ್ತವೆ. ಯಾವುದು ನಿಜವೆಂದು ತಂತ್ರಾಂಶ ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಊಹಿಸುತ್ತದೆ. ನವಿಲು ಜಿಗಿಯುವುದು ಅದಕ್ಕೇ. ಅರ್ಧ ಸುತ್ತು ತಿರುಗಿಸಿದರೂ ಹಾಗೇ ಕಾಣುವ ಮೋಟಿಫ್‌ನಿಂದ ತಲೆಕೆಳಗಾಗುತ್ತದೆ. ಒಟ್ಟಿನಲ್ಲಿ, ಬಟ್ಟೆಗೆ ಚೆಲುವು ತರುವ ಪುನರಾವರ್ತನೆ, ಸಮಮಿತಿ ಎರಡೂ ಕ್ಯಾಮೆರಾಕ್ಕೆ ಆಗಿಬರುವುದಿಲ್ಲ.

ದುಪಟ್ಟಾ ಎಸೆಯಬೇಕಿಲ್ಲ. ಮೈಯಲ್ಲಿ ಸಾಲು ಹಾಗೇ ಇರಲಿ. ಒಂದು ಕಡೆ ಸುಮಾರು 30 ಸೆಂ.ಮೀ. ಚದರದ, ಎಲ್ಲೂ ಮರುಕಳಿಸದ ಫಲಕವೊಂದನ್ನು ಸೇರಿಸಿ, ಸುತ್ತ ಎರಡು-ಮೂರು ಸೆಂ.ಮೀ. ಖಾಲಿ ಬಿಡಿ. ಆ ಫಲಕವನ್ನಷ್ಟೇ ಗುರುತು-ಚಿತ್ರವಾಗಿ (ತಂತ್ರಾಂಶ ಹುಡುಕಬೇಕಾದ ಚಿತ್ರ) ಕೊಡಿ.

ಪ್ರಿಂಟ್‌ಗೆ ಕಳಿಸುವ ಮೊದಲು ಎರಡು ಪರೀಕ್ಷೆ. ಮೊದಲನೆಯದು, ಚಿತ್ರವನ್ನು ಗ್ರೇಸ್ಕೇಲ್‌ಗೆ (ಬಣ್ಣ ತೆಗೆದ ಕಪ್ಪು-ಬಿಳುಪಿಗೆ) ಬದಲಿಸಿ ನೋಡುವುದು. ಗುರುತು ಹಿಡಿಯುವ ಕೆಲಸದಲ್ಲಿ ಬಣ್ಣಕ್ಕೆ ಲೆಕ್ಕವಿಲ್ಲ, ಹೊಳಪಿನ ವ್ಯತ್ಯಾಸಕ್ಕೆ ಮಾತ್ರ. ಕಡುಗೆಂಪಿನ ಮೇಲೆ ಕಡುಹಸಿರು ಕಣ್ಣಿಗೆ ಎಷ್ಟೇ ಎದ್ದು ಕಂಡರೂ ಗ್ರೇಸ್ಕೇಲ್‌ನಲ್ಲಿ ಒಂದೇ ಬೂದಿ. ಎರಡನೆಯದು ಅಂಕ. ಗೂಗಲ್‌ನ ಎಆರ್ ತಂತ್ರಾಂಶ ಎಆರ್‌ಕೋರ್ ಜೊತೆ ಬರುವ ಚಿತ್ರ-ಪರೀಕ್ಷಕ 0ಯಿಂದ 100ರವರೆಗೆ ಅಂಕ ಕೊಡುತ್ತದೆ. 75ಕ್ಕಿಂತ ಕಡಿಮೆ ಬಂದರೆ ವಿನ್ಯಾಸ ತಿದ್ದಿ.

ಪುನರಾವರ್ತನೆ ಇರಬಾರದು, ಆದರೂ ನೋಡಿದವರು ಕಸೂತಿ ಅನ್ನಬೇಕು. ಇಂಥ ವಿನ್ಯಾಸವನ್ನು ಪಿ5.ಜೆಎಸ್‌ನಲ್ಲಿ (ಕೋಡ್ ಬರೆದು ಚಿತ್ರ ಮೂಡಿಸುವ ಸಾಧನ) ಬರೆಯುವುದು ಹೇಗೆ? ಜೀಬ್ರಾ ಪಟ್ಟೆಯಂಥ ಗೆರೆ ಮೂಡಿಸುವ ರಿಯಾಕ್ಷನ್-ಡಿಫ್ಯೂಷನ್ ಎಂಬ ಲೆಕ್ಕಾಚಾರ ಬಳಸಿದ್ದೆ, ಅಂಕ ತೀರಾ ಕಡಿಮೆ ಬಂತು.
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ರಿಯಾಕ್ಷನ್-ಡಿಫ್ಯೂಷನ್‌ನ ಬಳುಕು ಗೆರೆಗಳು ಚೆಂದ, ಆದರೆ ಅವುಗಳಲ್ಲಿ ಮೂಲೆಗಳೇ ಇಲ್ಲ. ಜೊತೆಗೆ ಇಲ್ಲಿನ ತಿರುವು ಅಲ್ಲಿನ ತಿರುವಿನಂತೆಯೇ ಇರುತ್ತದೆ. ಕಸೂತಿಯ ಸ್ವಭಾವ ಇದಕ್ಕೆ ವಿರುದ್ಧ. ನೂಲೆಣಿಸಿ ಹಾಕುವ ಹೊಲಿಗೆಯಾದ್ದರಿಂದ ಎಲ್ಲವೂ ಚೌಕಳಿಯ ಮೇಲೆ ಕೂರುತ್ತದೆ. ಮುರ್ಗಿ ಎಂಬ ಅಂಕುಡೊಂಕು ಹೊಲಿಗೆಯ ಮೆಟ್ಟಿಲುಗಳಲ್ಲಿ ಹೆಜ್ಜೆಗೊಂದು ಮೂಲೆ. ಕ್ಯಾಮೆರಾಕ್ಕೆ ಬೇಕಾದದ್ದೂ ಅದೇ.

60×60 ಮನೆಗಳ ಚೌಕಳಿ ತೆಗೆದುಕೊಳ್ಳಿ, ಮನೆಗೆ 5 ಮಿ.ಮೀ. ಗೋಪುರವನ್ನು ಚಿತ್ರವಾಗಿ ಅಂಟಿಸುವ ಬದಲು ನಿಯಮವಾಗಿ ಬರೆಯಿರಿ: ಅಂತಸ್ತುಗಳು 3ರಿಂದ 7, ಪ್ರತಿ ಅಂತಸ್ತು ಕೆಳಗಿನದಕ್ಕಿಂತ ಎರಡೂ ಬದಿಯಲ್ಲಿ ಸಮನಾಗಿ ಒಂದೋ ಎರಡೋ ಮನೆ ಕಡಿಮೆ, ಒಳಗೆ ತುಂಬುವ ಹೊಲಿಗೆ ನೇಯ್ಗಿಯೋ (ನೇಯ್ದಂತೆ ಕಾಣುವ ಸಾದಾ ಹೊಲಿಗೆ) ಮೆಂಥ್ಯಯೋ (ಅಡ್ಡಹೊಲಿಗೆ, ಕ್ರಾಸ್ ಸ್ಟಿಚ್) ಎಂಬುದು ಆಕಸ್ಮಿಕ. ಹೊರಗೆರೆ ಎಡಬಲ ಸಮವಾಗಿರಲಿ, ಕಸೂತಿಯ ಗುರುತು ಉಳಿಯುವುದೇ ಅದರಲ್ಲಿ. ಒಳತುಂಬು ಮಾತ್ರ ಎಡಕ್ಕೊಂದು ಬಲಕ್ಕೊಂದು ಇರಲಿ. ವಿವರವೆಲ್ಲ ಒಂದೇ ಮೂಲೆಗೆ ಗುಂಪುಗೂಡದಂತೆ ಹರಡಿ. ಮಡಿಕೆಯೊಳಗೆ ಅರ್ಧ ಫಲಕ ಮುಚ್ಚಿಹೋದರೂ ಉಳಿದರ್ಧದಿಂದ ಕೆಲಸ ನಡೆಯಬೇಕು. ರ‍್ಯಾಂಡಮ್‌ಸೀಡ್ ಸಂಖ್ಯೆಯನ್ನು (ಆಕಸ್ಮಿಕ ಆಯ್ಕೆಗಳನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಫೈಲಿನ ಹೆಸರಿನಲ್ಲೇ ಬರೆದಿಡಿ. ಇಲ್ಲದಿದ್ದರೆ ಅದೇ ವಿನ್ಯಾಸ ಮತ್ತೆ ಸಿಗುವುದಿಲ್ಲ.

ಎಲ್ಲವನ್ನೂ ಸಣ್ಣ ಗೆರೆಗಳಲ್ಲಿ ಮಾಡಬೇಡಿ. ಲೆಕ್ಕ ನೋಡಿ: ಕ್ಯಾಮೆರಾದ ನೋಟ 60 ಡಿಗ್ರಿ, ಚೌಕಟ್ಟು 640 ಪಿಕ್ಸೆಲ್ ಅಗಲವಿದ್ದರೆ, 2 ಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್‌ಗೆ ಸಿಗುವುದು ಮೂರು ಪಿಕ್ಸೆಲ್‌ಗಿಂತ ಕಡಿಮೆ. ನಿಮ್ಮ 5 ಮಿ.ಮೀ. ಮನೆ ಒಂದೂವರೆ ಪಿಕ್ಸೆಲ್ ಆಗಿ ಕಲಸಿಹೋಗುತ್ತದೆ. ಹಾಗಾಗಿ ದೂರಕ್ಕೆ 2–3 ಸೆಂ.ಮೀ.ನ ಗಟ್ಟಿ ತುಂಬುಗಳು, ಹತ್ತಿರಕ್ಕೆ ಗವಂತಿ ಎಂಬ ಗೆರೆಹೊಲಿಗೆಯ ಸಣ್ಣ ಗೆರೆಗಳು, ಎರಡೂ ಬೇಕು.

ಪ್ರಿಂಟ್ ಬಿಟ್ಟು ಸೂಜಿಯಿಂದಲೇ ಹಾಕಿಸುವುದಾದರೆ ಒಂದು ಷರತ್ತು: ಗೆರೆಗಳೆಲ್ಲ ಎಲ್ಲೋ ಒಂದು ಕಡೆ ಕೂಡಿಕೊಂಡಿರಬೇಕು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಹೋಗುವಾಗ ಮೇಲೆ ಬಿದ್ದಲ್ಲಿ ಬರುವಾಗ ಕೆಳಗೆ. ವಿನ್ಯಾಸ ಒಂದೇ ತುಂಡಾಗಿದ್ದರೆ ಕವಲು ಬಂದಾಗ ಅದರ ತುದಿ ಮುಟ್ಟಿ ಹಿಂತಿರುಗಿ ಮುಂದೆ ಸಾಗುತ್ತ, ಶುರುಮಾಡಿದ ಜಾಗಕ್ಕೇ ಬಂದು ಮುಗಿಸಬಹುದು. ಎರಡು ಮುಖವೂ ಒಂದೇ ಥರ ಕಾಣುತ್ತದೆ. ಬಿಡಿಬಿಡಿ ತುಂಡುಗಳಾದರೆ ದಾರ ಹಿಂದೆ ಜೋತುಬೀಳುತ್ತದೆ. ಪ್ರೋಗ್ರಾಮಿನಲ್ಲಿ ಈ ತಪಾಸಣೆ ಹತ್ತು ಸಾಲಿನ ಕೆಲಸ.

ಮೇಜಿನ ಮೇಲೆ ಹಾಸಿದಾಗ ಸರಿಯಾಗಿ ಕೆಲಸ ಮಾಡುವ ಫಲಕ, ಕುರ್ತಾ ಹಾಕಿಕೊಂಡ ಕೂಡಲೇ ಕೈಕೊಡುತ್ತದೆ.
— ಬುಟಿಕ್ ನಡೆಸುವವರು, ಮೈಸೂರು

ಗುರುತು-ಚಿತ್ರ ಚಪ್ಪಟೆಯಾಗಿದೆ ಎಂದು ನಂಬಿಯೇ ತಂತ್ರಾಂಶ ಲೆಕ್ಕ ಹಾಕುವುದು. ನೆರಿಗೆ, ತೋಳು, ಸೊಂಟ ಮೂರನ್ನೂ ಬಿಡಿ. ಬೆನ್ನಿನ ಮೇಲ್ಭಾಗ, ಎರಡು ಹೆಗಲೆಲುಬುಗಳ ನಡುವಿನ ಜಾಗ ಎಲ್ಲಕ್ಕಿಂತ ಒಳ್ಳೆಯದು. ಒಳಗಿನಿಂದ ಫ್ಯೂಸಿಂಗ್ ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸಿ; ತೆಳು ಹತ್ತಿಗೆ ಮಧ್ಯಮ ದಪ್ಪದ್ದು ಸಾಕು. ಗಟ್ಟಿ ಬಕ್ರಂ ಹಾಕಿದರೆ ಬೆನ್ನಿಗೆ ಹಲಗೆ ಕಟ್ಟಿದಂತಾಗಿ, ತೊಟ್ಟವರು ಸರಿಯಾಗಿ ಕೂರಲೂ ಆಗದು. ಜರಿ, ಸ್ಯಾಟಿನ್, ಮಿಣುಕು ಫಲಕದೊಳಗೆ ಬೇಡ. ಮೈ ಅಲುಗಿದಂತೆ ಹೊಳಪೂ ಜಾಗ ಬದಲಿಸುತ್ತದೆ, ತಂತ್ರಾಂಶ ಅದನ್ನು ವಿನ್ಯಾಸದ ಭಾಗವೆಂದೇ ತಿಳಿಯುತ್ತದೆ.

ದೂರದ ಹೆಬ್ಬೆರಳಳತೆ: ಫಲಕದ ಅಗಲದ ಹತ್ತು ಪಟ್ಟು. 30 ಸೆಂ.ಮೀ.ಗೆ 3 ಮೀಟರ್, ಅದೂ ಒಳ್ಳೆಯ ಬೆಳಕಿನಲ್ಲಿ. ಎಆರ್‌ಕೋರ್‌ನಲ್ಲಾದರೆ ಮೊದಲ ಸಲ ಗುರುತಿಸಲು ಫಲಕ ಚೌಕಟ್ಟಿನ ಕಾಲುಭಾಗವಾದರೂ ತುಂಬಿರಬೇಕು. ಅಂದರೆ ಇದೇ ಫಲಕಕ್ಕೆ ಸುಮಾರು 60 ಸೆಂ.ಮೀ. ಹತ್ತಿರ ಬಂದು ಹಿಡಿದು, ಆಮೇಲೆ ಹಿಂದೆ ಸರಿಯಬೇಕು. ರ‍್ಯಾಂಪ್ ಶೋನಲ್ಲಿ ಕೂತ ಪ್ರೇಕ್ಷಕರಿಗೆ ಇದು ಆಗದ ಮಾತು, ಗ್ಯಾಲರಿಗೆ ಸರಿ. ವೇದಿಕೆಯಲ್ಲಿ ಕೆಂಪು ದೀಪ ಬೇಡವೆನ್ನಿ: ಕೆಂಪು ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲಿನ ಕೆಂಪು ಕಸೂತಿ ಮಾಯವಾಗುತ್ತದೆ.

ದೃಶ್ಯ ಸಿಕ್ಕರೂ ನಡುಗುತ್ತಿದ್ದರೆ, ಮೈಂಡ್‌ಎಆರ್ (ಬ್ರೌಸರ್‌ನಲ್ಲೇ ನಡೆಯುವ ಎಆರ್ ತಂತ್ರಾಂಶ) ಬಳಸುವವರು ನಡುಕ ಸೋಸುವ ಫಿಲ್ಟರ್‌ಮಿನ್‌ಸಿಎಫ್ ಬೆಲೆಯನ್ನು 0.001ರಿಂದ 0.0001ಕ್ಕೆ ಇಳಿಸಿ ನೋಡಬಹುದು. ನಡುಕ ತಗ್ಗುತ್ತದೆ, ದೃಶ್ಯ ಸ್ವಲ್ಪ ಹಿಂದೆ ಬೀಳುತ್ತದೆ. ಪದೇ ಪದೇ ಮಾಯವಾಗುತ್ತಿದ್ದರೆ ಮಿಸ್‌ಟಾಲರೆನ್ಸ್ (ಗುರುತು ತಪ್ಪಿದ ಎಷ್ಟು ಫ್ರೇಮ್ ಸಹಿಸಬೇಕೆಂಬ ಸಂಖ್ಯೆ) ಅನ್ನು 5ರಿಂದ 15ಕ್ಕೆ ಏರಿಸಿ.

ಪ್ರಿಂಟ್ ಬೇಡ, ಮಗ್ಗದಲ್ಲೇ ನೇಯಬೇಕೆಂದಿದ್ದೇವೆ. ನಮ್ಮದು 240 ಹುಕ್ಕಿನ ಜಕಾರ್ಡ್ (ನೂಲುಗಳನ್ನು ಬಿಡಿಬಿಡಿಯಾಗಿ ಎತ್ತಿ ಚಿತ್ರ ನೇಯುವ ಸಾಧನ).
— ನೇಕಾರರು, ಬಾಗಲಕೋಟೆ ಜಿಲ್ಲೆ

ಒಂದು ಹುಕ್ಕಿಗೆ ಒಂದು ಹಾಸು (ಉದ್ದದ ನೂಲು) ಲೆಕ್ಕದಲ್ಲಿ, ಇಂಚಿಗೆ 80 ಹಾಸು ಇದ್ದರೆ 240 ಹುಕ್ಕಿಗೆ ಸಿಗುವುದು 3 ಇಂಚು. ಆಮೇಲೆ ಅದೇ ವಿನ್ಯಾಸ ಪಕ್ಕಕ್ಕೆ ಮರುಕಳಿಸುತ್ತದೆ, ಧಾರವಾಡದವರ ತೊಂದರೆ ನಿಮ್ಮದೂ ಆಗುತ್ತದೆ. 12 ಇಂಚಿನ ಫಲಕಕ್ಕೆ 960 ಹುಕ್ಕು ಬೇಕು. 2,688 ಹುಕ್ಕಿನ ಎಲೆಕ್ಟ್ರಾನಿಕ್ ಜಕಾರ್ಡ್‌ನಲ್ಲಿ ಇದು ಆರಾಮ. ಒಂದೇ ಫಲಕಕ್ಕಾಗಿ ಮಗ್ಗ ಬದಲಿಸುವ ಬದಲು ಅಂಥ ಮಗ್ಗ ಇರುವಲ್ಲಿ ನೇಯಿಸಿ ತರುವುದೇ ಲೇಸು. ಚಿತ್ರ ಕೊಡುವಾಗ ಹಾಸು-ಹೊಕ್ಕಿನ (ಹೊಕ್ಕು ಎಂದರೆ ಅಡ್ಡನೂಲು) ಎಣಿಕೆ ಹೊಂದಿಸಿ: 80 ಹಾಸು, 60 ಹೊಕ್ಕು ಇದ್ದರೆ 12 ಇಂಚು ಚದರಕ್ಕೆ 960×720 ಮನೆ. 960×960 ಕೊಟ್ಟರೆ ಗೋಪುರ 16 ಇಂಚು ಎತ್ತರಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಸೆಂ.ಮೀ. ಮೀರಿ ಕಟ್ಟಿಲ್ಲದೆ ಹಾಯುವ ನೂಲಿಗೆ ನಡುವೆ ಕಟ್ಟು ಹಾಕಿ. ಇಲ್ಲದಿದ್ದರೆ ಬಳೆಗೆ ಸಿಕ್ಕಿ ಎಳೆಯುತ್ತದೆ.

ಇಷ್ಟೆಲ್ಲ ಯಾಕೆ, ಕ್ಯೂಆರ್ ಕೋಡ್ ಹಾಕಿದರೆ ಸಾಲದೇ?
— ಓದುಗರು, ಶಿವಮೊಗ್ಗ

ಎಆರ್ ದೃಶ್ಯದ ವೆಬ್ ಪುಟ ತೆರೆಯಲು ಸಾಕು, ಹಾಕಲೇಬೇಕು ಕೂಡ. ಆದರೆ ಬೆನ್ನ ಮೇಲಲ್ಲ, ಲೇಬಲ್ ಮೇಲೆ.

ಸೀರೆಯ ಸುತ್ತ ಬಳ್ಳಿ ಹಬ್ಬಿದಂತೆ ಮಾಡಬೇಕು. ಒಂದು ಫಲಕ ಸಾಲುತ್ತಿಲ್ಲ.
— ನೃತ್ಯಗಾತಿ, ಉಡುಪಿ

ಇಲ್ಲಿ ಬಟ್ಟೆಯನ್ನಲ್ಲ, ಮೈಯನ್ನೇ ಗುರುತಿಸಬೇಕು. ಗೂಗಲ್‌ನ ಮೀಡಿಯಾಪೈಪ್ ತಂತ್ರಾಂಶದ ಪೋಸ್ ಮಾದರಿ ಮೈಯ ಮೇಲೆ 33 ಬಿಂದುಗಳನ್ನು ಕೊಡುತ್ತದೆ. ಸೀರೆಯೊಳಗೆ ಮಂಡಿ, ಪಾದದ ಕೀಲು ಕಾಣದ್ದರಿಂದ ಅವನ್ನು ಅದು ಬರಿ ಊಹಿಸುತ್ತದೆ, ಬಳ್ಳಿ ಕಾಲ ಬಳಿ ಒದ್ದಾಡುತ್ತದೆ. ಭುಜದ 11, 12 ಮತ್ತು ಸೊಂಟದ 23, 24ನೇ ಬಿಂದುಗಳಿಗೆ ಮಾತ್ರ ಬಳ್ಳಿಯನ್ನು ಕಟ್ಟಿ, ಕೆಳಭಾಗವನ್ನು ಸೊಂಟದಿಂದ ಇಳಿಬಿಡಿ.

ಒಗೆದ ಮೇಲೂ ಕೆಲಸ ಮಾಡುತ್ತದೆಯೇ? ಆ್ಯಪ್ ಕಂಪನಿ ಮುಚ್ಚಿದರೆ?
— ಸಂಗ್ರಾಹಕರು, ಹುಬ್ಬಳ್ಳಿ

ಎರಡನೆಯ ಭಯ ನಿಜವಾದದ್ದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಎಆರ್ ಎಫೆಕ್ಟ್ ಮಾಡುವ ಮೆಟಾ ಸ್ಪಾರ್ಕ್ ವೇದಿಕೆ 2025ರ ಜನವರಿಯಲ್ಲಿ ನಿಂತಾಗ ಹೊರಗಿನ ಕಲಾವಿದರು ಅದರಲ್ಲಿ ಮಾಡಿದ ಎಫೆಕ್ಟ್‌ಗಳೂ ಹೋದವು. ಕೊಳ್ಳುವಾಗ ಉಡುಪಿನ ಜೊತೆಗೆ ವಿನ್ಯಾಸದ ಕೋಡ್, ಸೀಡ್ ಸಂಖ್ಯೆ, ಜಿಎಲ್‌ಬಿ ಮಾದರಿ (3ಡಿ ದೃಶ್ಯದ ಫೈಲ್), ಗುರುತು-ಚಿತ್ರ ಇಷ್ಟನ್ನೂ ಕೇಳಿ ಪಡೆಯಿರಿ. ಇವಿದ್ದರೆ ಬೇರೆ ವೇದಿಕೆಯಲ್ಲಿ ಮತ್ತೆ ಕಟ್ಟಬಹುದು.

ಒಗೆತಕ್ಕೆ ಬಂದರೆ, ಹತ್ತಿಯ ಮೇಲಿನ ರಿಯಾಕ್ಟಿವ್ ಪ್ರಿಂಟ್ (ನೂಲಿಗೇ ಬೆಸೆದುಕೊಳ್ಳುವ ಬಣ್ಣದ ಮುದ್ರಣ) ಹಬೆಯಲ್ಲಿ ಸರಿಯಾಗಿ ಕೂತಿದ್ದರೆ ಮೊದಲ ತೊಳೆತದಲ್ಲಿ ಹೆಚ್ಚುವರಿ ಬಣ್ಣ ಹೋಗಿ ನಿಲ್ಲುತ್ತದೆ. ಕುಗ್ಗುವುದು ಹಾಸಿನ ಕಡೆ ಹೆಚ್ಚು, ಹೊಕ್ಕಿನ ಕಡೆ ಕಡಿಮೆ ಆಗಬಹುದು. ಆಗ ಚದರ ಫಲಕ ಚದರವಾಗಿ ಉಳಿಯದು. ಆದ್ದರಿಂದ ಗುರುತು-ಚಿತ್ರವನ್ನು ಕಂಪ್ಯೂಟರ್ ಫೈಲಿನಿಂದ ಮಾಡಿಸಬೇಡಿ. ಬಟ್ಟೆ ಒಗೆದು, ಇಸ್ತ್ರಿ ಮಾಡಿ, ನೆರಳಿನ ಸಮಬೆಳಕಿನಲ್ಲಿ ನೇರ ಮೇಲಿನಿಂದ ತೆಗೆದ ಫೋಟೋದಿಂದ ಮಾಡಿಸಿ.