ಸ್ಕೀ ಬಾರದವರು ಸಿಯಾಟಲ್‌ನ ಪರ್ವತ ಕ್ಲಬ್‌ಗೆ ಚಳಿಗಾಲದಲ್ಲಿ ಸೇರಬಹುದಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಸಿಯಾಟಲ್‌ಗೆ ಬಂದು ಎರಡು ತಿಂಗಳಾಗಿದೆ, ಸ್ಕೀ ಮುಟ್ಟಿಯೂ ಗೊತ್ತಿಲ್ಲ, ಆಫೀಸಿನಲ್ಲಿ ಯಾರೋ ‘ದಿ ಮೌಂಟನೀರ್ಸ್’ ಕ್ಲಬ್ ಸೇರಿ ಅಂದರು, ಚಳಿಗಾಲದಲ್ಲಿ ಅಲ್ಲಿ ಏನು ನಡೆಯುತ್ತದೆ, ನನ್ನಂಥವರಿಗೆ ಜಾಗ ಇದೆಯಾ ಅಂತ.

ಇದೆ. ಖಂಡಿತ ಸೇರಿ. ಆದರೆ ಬರೀ ಸ್ಕೀ ಕಲಿಯೋಕೆ ಅಂತ ಸೇರಬೇಡಿ. ಅದನ್ನು ಯಾವ ಸ್ಕೀ ರೆಸಾರ್ಟಿನಲ್ಲಾದರೂ ದುಡ್ಡು ಕೊಟ್ಟು ಕಲಿಯಬಹುದು. ಹಿಮದಲ್ಲಿ ಒಬ್ಬರು ಇನ್ನೊಬ್ಬರನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು ಮಾತ್ರ ನನಗೆ ಈ ಕ್ಲಬ್ಬಿನಲ್ಲೇ ಸಿಕ್ಕಿದ್ದು.

ನಾನು ತೀರ್ಥಹಳ್ಳಿ ಕಡೆಯವಳು. ಇಲ್ಲಿ ನನಗಿದು ಆರನೇ ಚಳಿಗಾಲ. ಮೊದಲನೇ ವರ್ಷ ಕ್ಲಬ್ಬೂ ಇಲ್ಲ, ಏನೂ ಇಲ್ಲ, ನಾಲ್ಕು ಜನ ಗೆಳೆಯರು ಕಾರು ಹತ್ತಿ ಸ್ನೋಕ್ವಾಲ್ಮಿ ಪಾಸ್ (ಸಿಯಾಟಲ್‌ನ ಪೂರ್ವಕ್ಕೆ ಬೆಟ್ಟ ದಾಟುವ ಕಣಿವೆದಾರಿ) ಕಡೆ ಹೋದೆವು. ಎಲ್ಲರೂ ಜೀನ್ಸ್, ಹತ್ತಿ ಕಾಲುಚೀಲ. ಇಲ್ಲಿನ ಹಿಮ ಒದ್ದೆ, ಭಾರ. ಇಲ್ಲಿನ ಕ್ಯಾಸ್ಕೇಡ್ ಪರ್ವತಸಾಲಿನ ಹೆಸರು ಸೇರಿಸಿ ಅದನ್ನು ‘ಕ್ಯಾಸ್ಕೇಡ್ ಕಾಂಕ್ರೀಟ್’ ಅಂತಲೇ ಕರೆಯುತ್ತಾರೆ. ಒಂದು ಗಂಟೆಯಲ್ಲಿ ತೊಡೆಯವರೆಗೂ ನೆನೆದು ಹೋದೆವು. ನಮ್ಮಲ್ಲಿ ಒಬ್ಬಳಿಗೆ ನಡುಕ ಶುರುವಾಯಿತು, ಆಮೇಲೆ ಮಾತು ತೊದಲತೊಡಗಿತು. ಅದು ಅಪಾಯದ ಸೂಚನೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಾರ್ಕಿಂಗ್‌ನಲ್ಲಿದ್ದ ವಯಸ್ಸಾದ ಒಬ್ಬ ಹೆಂಗಸು ಅವಳ ಒದ್ದೆ ಬಟ್ಟೆ ಬಿಚ್ಚಿಸಿ, ತಮ್ಮ ಕೋಟು ಹೊದಿಸಿ, ಫ್ಲಾಸ್ಕಿನಿಂದ ಬಿಸಿನೀರು ಕುಡಿಸಿದರು. ಹೋಗುವಾಗ ಬೈಯಲಿಲ್ಲ, ಕ್ಲಬ್ಬಿನ ಹೆಸರು ಹೇಳಿ ಹೋದರು. ನಾನು ಸೇರಿದ್ದು ಹಾಗೆ.

ಕ್ಲಬ್ ಹುಟ್ಟಿದ್ದು 1906ರಲ್ಲಿ. ಸಿಯಾಟಲ್ ಬಿಟ್ಟು ಟಕೋಮಾ, ಎವರೆಟ್, ಒಲಿಂಪಿಯಾ, ಬೆಲ್ಲಿಂಗ್‌ಹ್ಯಾಮ್ ಕಡೆಯೂ ಶಾಖೆಗಳಿವೆ. ಕಲಿಸುವವರು, ಚಾರಣ ಮುನ್ನಡೆಸುವವರು ಹೆಚ್ಚಿನಂಶ ಸದಸ್ಯರೇ, ಸಂಬಳ ಇಲ್ಲದೆ ಮಾಡುತ್ತಾರೆ. ಚಳಿಗಾಲ ಬಂತೆಂದರೆ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟಿಕೊಳ್ಳುವ ಅಗಲ ಪಾದುಕೆ) ಕೋರ್ಸು, ಸಮತಟ್ಟು ಹಾದಿಯ ಸ್ಕೀ, ಬೆಟ್ಟ ಹತ್ತಿ ಇಳಿಯುವ ಸ್ಕೀ, ಹಿಮದಲ್ಲಿ ಡೇರೆ ಹಾಕಿ ಮಲಗೋದು, ಹಿಮಕುಸಿತದ ತರಬೇತಿ, ಎಲ್ಲವೂ ಶುರು. ನೀವು ಸ್ನೋಶೂನಿಂದ ಶುರು ಮಾಡಿ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಕಾಲು ಅಗಲಿಸಿ ಎತ್ತಿಎತ್ತಿ ಇಡುತ್ತೀವಲ್ಲ, ಅದೇ ನಡಿಗೆ. ಅರ್ಧ ದಿನದಲ್ಲಿ ರೂಢಿಯಾಗುತ್ತದೆ.

ಆಮೇಲೆ ಹಿಮಕುಸಿತದ ತರಬೇತಿ. ಇದನ್ನು ಮಾತ್ರ ತಪ್ಪಿಸಬೇಡಿ. ಹಿಮ ಬೀಳೋದು ಒಂದೇ ಸಲ ಅಲ್ಲ, ಪದರ ಪದರವಾಗಿ. ಚಿರೋಟಿಯ ಹಾಗೆ. ನಡುವೆ ಒಂದು ಸಡಿಲ ಪದರ ಇದ್ದರೆ ಮೇಲಿನದ್ದೆಲ್ಲ ಹಲಗೆಯಂತೆ ಒಟ್ಟಿಗೇ ಜಾರುತ್ತದೆ. ಹೀಗಾಗೋದು ಜಾಸ್ತಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡುವವರಿಗೆ ಆಸೆ ಹುಟ್ಟಿಸುವ ಇಳಿಜಾರಿನಲ್ಲೇ. ಸ್ಟೀವನ್ಸ್ ಪಾಸ್ ಹತ್ತಿರ ವೆಲಿಂಗ್ಟನ್ ಅನ್ನೋ ಕಡೆ 1910ರ ಮಾರ್ಚ್ 1ರಂದು ಹಿಮ ಜಾರಿ ನಿಂತಿದ್ದ ಎರಡು ರೈಲುಗಳನ್ನೇ ಕೆಳಗೆ ತಳ್ಳಿತು. 96 ಜನ ಹೋದರು.

ಅಭ್ಯಾಸ ಹೀಗೆ: ಒಂದು ಚೀಲದೊಳಗೆ ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆ ಅಂತ ಸಂಕೇತ ಕೊಡುವ, ಹುಡುಕುವ ಸಣ್ಣ ರೇಡಿಯೊ ಸಾಧನ) ಇಟ್ಟು ಹಿಮದಲ್ಲಿ ಹೂಳುತ್ತಾರೆ. ನಿಮ್ಮ ಕೈಯಲ್ಲೊಂದು ಇರುತ್ತದೆ. ಪರದೆಯ ಮೇಲೆ 38, 25, 11 ಮೀಟರ್ ಅಂತ ದೂರ ಇಳಿಯುತ್ತಾ ಬರುತ್ತದೆ. ಹತ್ತಿರ ಬಂದಾಗ ಮಂಡಿಯೂರಿ, ಅದನ್ನು ಹಿಮಕ್ಕೆ ತಾಗಿಸಿಕೊಂಡು ನಿಧಾನ ಸರಿಸಬೇಕು. ಆಮೇಲೆ ಉದ್ದನೆಯ ಕೋಲು ಚುಚ್ಚಿ ಚುಚ್ಚಿ ನೋಡೋದು. ನೆಲ ತಾಗಿದರೆ ‘ಟಕ್’ ಅನ್ನುತ್ತದೆ. ಚೀಲ ತಾಗಿದಾಗ ಕೋಲು ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ, ಅಂಗೈಗೇ ಗೊತ್ತಾಗುತ್ತದೆ. ಆಮೇಲೆ ಸಲಿಕೆ. ಮೊದಲ ಸಲ ನನಗೆ 19 ನಿಮಿಷ ಬೇಕಾಯಿತು. ಹೂತವರು ಬದುಕಬೇಕೆಂದರೆ ಸುಮಾರು 10-15 ನಿಮಿಷದಲ್ಲಿ ಹೊರಗೆ ತೆಗೆಯಬೇಕು, ಆಮೇಲೆ ಆಸೆ ಬೇಗ ಬೇಗ ಕಮ್ಮಿಯಾಗುತ್ತದೆ. ಚೀಲ ಕೈಗೆ ಬಂದಾಗ ಕಲಿಸುತ್ತಿದ್ದವರು ಏನೂ ಹೇಳಲಿಲ್ಲ, ಗಡಿಯಾರ ತೋರಿಸಿದರು ಅಷ್ಟೇ. ನಾನು ಅಲ್ಲೇ ಕೂತು ಅತ್ತೆ. ಮರುವಾರ ಮತ್ತೆ ಹೋದೆ, ಅದರ ಮರುವಾರವೂ. ಈಗ ಪ್ರತಿ ಡಿಸೆಂಬರ್‌ನಲ್ಲಿ ಅಭ್ಯಾಸ ಮಾಡದೆ ಯಾರ ಜೊತೆಗೂ ಇಳಿಜಾರಿಗೆ ಹೋಗೋದಿಲ್ಲ.

ಸ್ಕೀ ಕಲಿಯಲೇಬೇಕು ಅಂದರೆ ಸ್ಟ್ಯಾಂಪೀಡ್ ಪಾಸ್ ಹತ್ತಿರ ಕ್ಲಬ್ಬಿನದೇ ಮೀನಿ ಲಾಡ್ಜ್ ಇದೆ, 1928ರದ್ದು. ಆಗ ಜನ ಸಿಯಾಟಲ್‌ನಿಂದ ರೈಲಿನಲ್ಲಿ ಬಂದಿಳಿಯುತ್ತಿದ್ದರು. ಈಗ ಹೆದ್ದಾರಿ ಪಕ್ಕ ಕಾರು ಬಿಟ್ಟರೆ, ಹಿಮದ ಮೇಲೆ ಓಡುವ ಚೈನುಗಾಡಿಯಲ್ಲಿ ಕರೆದೊಯ್ಯುತ್ತಾರೆ. ಪಾತ್ರೆ ತೊಳೆಯೋದು, ನೆಲ ಗುಡಿಸೋದು ಎಲ್ಲರ ಕೆಲಸ. ಗುಡ್ಡ ಹತ್ತಿಸೋಕೆ ಕುರ್ಚಿಯ ಲಿಫ್ಟ್ ಇಲ್ಲ, ಓಡುವ ಹಗ್ಗ ಹಿಡಿದು ಮೇಲೆ ಹೋಗಬೇಕು. ಸಾಮಾನ್ಯ ಕೈಗವಸು ಒಂದೇ ದಿನಕ್ಕೆ ಹರಿದು ಹೋಗುತ್ತದೆ, ತೊಗಲಿನದು ತನ್ನಿ.

ಈ ಲಾಡ್ಜಿಗೆ ಸ್ನೋಕ್ವಾಲ್ಮಿ ಕಡೆಯಿಂದ ಸುಮಾರು 18 ಮೈಲಿಯ ಒಂದು ಸ್ಕೀ ಪಂದ್ಯ ಇದೆ, 1930ರಲ್ಲಿ ಶುರುವಾಗಿದ್ದು, ನಡುವೆ ನಿಂತುಹೋಗಿ 2014ರಲ್ಲಿ ಮತ್ತೆ ಚಾಲೂ ಆಯಿತು. ಮೂರು ಮೂರು ಜನರ ತಂಡ. ಒಬ್ಬರು ಎಷ್ಟೇ ವೇಗವಾಗಿ ಬಂದರೂ ಲೆಕ್ಕಕ್ಕಿಲ್ಲ, ಮೂವರೂ ಒಟ್ಟಿಗೇ ಮುಟ್ಟಬೇಕು. ನನಗೆ ಈ ನಿಯಮ ತುಂಬಾ ಇಷ್ಟ. 1936ರಲ್ಲಿ ಗೆದ್ದ ತಂಡದಲ್ಲಿದ್ದ ವುಲ್ಫ್ ಬಾವರ್ ಮುಂದೆ 1948ರಲ್ಲಿ ಇಲ್ಲಿನ ಪರ್ವತ ರಕ್ಷಣಾ ದಳ ಕಟ್ಟಿದವರಲ್ಲಿ ಒಬ್ಬರು.

ಇನ್ನೊಂದು ಮಾತು, ಇಲ್ಲಿ ಚಾರಣ ಅರ್ಧಕ್ಕೇ ನಿಲ್ಲೋದು ಮಾಮೂಲಿ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ದಿನಾ ಹಿಮಕುಸಿತದ ಅಪಾಯದ ಮಟ್ಟ ಹೇಳುತ್ತದೆ, 1ರಿಂದ 5ರವರೆಗೆ, 5 ಅತಿ ಹೆಚ್ಚು. ಬೆಳಿಗ್ಗೆ ಅದನ್ನು ನೋಡಿ ಲೀಡರ್ ದಾರಿ ಬದಲಿಸಬಹುದು, ಅಥವಾ ಶಿಖರ ಕಣ್ಣೆದುರೇ ಇದ್ದರೂ ವಾಪಸ್ ಅನ್ನಬಹುದು. ಬೇಜಾರು ಮಾಡಿಕೊಳ್ಳಬೇಡಿ. ಹಾಗೆ ಅನ್ನುವ ಲೀಡರ್ ಜೊತೆಗೇ ಮತ್ತೆ ಹೋಗಿ.

ಕೋರ್ಸುಗಳು ಬೇಗ ತುಂಬುತ್ತವೆ, ಅಕ್ಟೋಬರ್‌ನಿಂದಲೇ ಕಣ್ಣಿಟ್ಟಿರಿ. ಕಾರಿಗೆ ಸ್ನೋ-ಪಾರ್ಕ್ ಪರ್ಮಿಟ್ (ಹಿಮದ ತಾಣಗಳಲ್ಲಿ ಕಾರು ನಿಲ್ಲಿಸುವ ಪರವಾನಗಿ) ಬೇಕಾಗಬಹುದು, ಅದನ್ನು ಮೊದಲೇ ವಿಚಾರಿಸಿ. ಸ್ಕೀ, ಸ್ನೋಶೂ ಬಾಡಿಗೆಗೆ ಸಿಗುತ್ತದೆ, ಈಗಲೇ ಕೊಳ್ಳಬೇಡಿ. ಕೊಳ್ಳೋದಾದರೆ ಮೊದಲು ಉಣ್ಣೆಯ ಕಾಲುಚೀಲ ಎರಡು ಜೊತೆ, ಒಂದು ಒಳ್ಳೆ ಫ್ಲಾಸ್ಕು. ನಾನು ನನ್ನದರಲ್ಲಿ ಶುಂಠಿ ಕಷಾಯ ತುಂಬಿಸಿಕೊಂಡು ಹೋಗುತ್ತೇನೆ, ಯಾವಾಗಲೂ ಇನ್ನೊಬ್ಬರಿಗೆ ಆಗುವಷ್ಟು ಜಾಸ್ತಿ.