ಪಿನೋಲಿ ಪ್ಯಾಕೆಟ್ ಕೈಲಿ ಹಿಡಿದು ಕೇಳಿದವರಿಗೆ

ರೊಬೊಟಿಕ್ಸ್ ಓದಲು ನೀವು ದಾವಣಗೆರೆಯಿಂದ ಇಟಲಿಯ ಜಿನೋವಾಕ್ಕೆ ಬಂದು ಇನ್ನೂ ವಾರ ಆಗಿಲ್ಲ. ರೂಮಿನ ಜೊತೆಗಾರ ಒಂದು ಚಿಕ್ಕ ಪ್ಯಾಕೆಟ್ ಪಿನೋಲಿ, ಅಂದರೆ ಪೈನ್ ಬೀಜ, ಕೊಟ್ಟಿದ್ದಾನೆ. ಇದನ್ನು ಗೋಡಂಬಿ ಬದಲು ಹಾಕಬಹುದಾ, ಮನೆ ಅಡುಗೆಯಲ್ಲಿ ಏನೇನು ಮಾಡಬಹುದು, ಹಾಗೇ ಇಲ್ಲಿ ಉಳಿಯುವ ಪರ್ಮಿಟ್ ಏನು ಕಥೆ, ಸಸ್ಯಾಹಾರಿಗೆ ಇಲ್ಲಿ ಬದುಕೋಕೆ ಆಗುತ್ತಾ, ಊರಿಂದ ಮಿಕ್ಸಿ ತರಿಸಲಾ ಅಂತ ಎಲ್ಲ ಒಂದೇ ಉಸಿರಿಗೆ ಕೇಳಿದ್ದೀರಿ. ಓದಿ ನಗು ಬಂತು. ನಾನು ಬಂದಾಗ ನನಗೂ ಇಷ್ಟೇ ಗಡಿಬಿಡಿ ಇತ್ತು, ಕೇಳೋಕೆ ಮಾತ್ರ ಯಾರೂ ಇರಲಿಲ್ಲ.

ಪರ್ಮಿಟ್ ಮೊದಲು. ಇಟಲಿಗೆ ಕಾಲಿಟ್ಟ ಎಂಟು ಕೆಲಸದ ದಿನದೊಳಗೆ ಅರ್ಜಿ ಹಾಕಬೇಕು. ಪೋಸ್ಟ್ ಆಫೀಸಿನಲ್ಲಿ ಅರ್ಜಿ ನಮೂನೆಗಳ ಕಿಟ್ ಕೊಡುತ್ತಾರೆ, ತುಂಬಿ ಕೊಡಿ, ರಸೀತಿ ಜೋಪಾನ. ಉಳಿದದ್ದು ಯೂನಿವರ್ಸಿಟಿಯವರು ಹೇಳುತ್ತಾರೆ. ನಾಳೆಯೇ ಹೋಗಿ, ಪಿನೋಲಿ ಎಲ್ಲೂ ಓಡಿ ಹೋಗಲ್ಲ.

ಈಗ ಪಿನೋಲಿ. ಪೈನ್ ಮರದ ಕಾಯಿಯೊಳಗಿನ ಬೀಜ ಅದು. ಊರಲ್ಲಿ ಚಿಲ್ಗೋಜ ನೋಡಿರಬಹುದು, ಬೆಂಗಳೂರಿನ ಡ್ರೈ ಫ್ರೂಟ್ ಅಂಗಡಿಗಳಲ್ಲಿ ಇಡುತ್ತಾರೆ. ಅದು ಹಿಮಾಲಯದ ಕಡೆಯ ಮರದ್ದು, ಕಿನ್ನೌರ್, ಅಫ್ಘಾನಿಸ್ತಾನದ ಕಡೆಯಿಂದ ಬರುತ್ತದೆ. ಇಲ್ಲಿಯದು ಕೊಡೆಯ ಹಾಗೆ ತಲೆ ಬಿಚ್ಚಿಕೊಂಡು ಸಮುದ್ರದಂಚಲ್ಲಿ ನಿಂತಿರುತ್ತಲ್ಲ, ಆ ಮರದ್ದು. ಒಂದು ಕಾಯಿ ಬಲಿಯೋಕೆ ಮೂರು ವರ್ಷ ಬೇಕು. ಅದರ ಮೇಲೆ 1999ರಲ್ಲಿ ಉತ್ತರ ಇಟಲಿಯಲ್ಲಿ ಅಮೆರಿಕ ಮೂಲದ, ತಿಗಣೆ ಜಾತಿಯ ಒಂದು ಕೀಟ ಕಾಣಿಸಿಕೊಂಡಿತು. ಅದು ಕಾಯಿಯೊಳಗಿನ ಬೀಜದ ರಸ ಹೀರುತ್ತದೆ. ಅಲ್ಲಿಂದ ಮುಂದೆ ಫಸಲು ಬಿದ್ದೇ ಹೋಯಿತು. ಪಾರ್ಕಿನಲ್ಲಿ ಬಿದ್ದ ಕಾಯಿ ಆರಿಸಿ ತಂದರೆ ಎಷ್ಟೋ ಸಲ ಒಳಗೆ ಬರೀ ಜೊಳ್ಳು. ಆದರೂ ಒಮ್ಮೆ ಆರಿಸಿ ನೋಡಿ. ಕಾಯಿಯ ಹೊಪ್ಪಳೆ ಬಿಡಿಸಿದರೆ ಕಂದು ಬಣ್ಣದ ಗಟ್ಟಿ ಬೀಜ, ಮೇಲೆಲ್ಲ ಕರಿ ಪುಡಿ, ಬೆರಳಿಗೆ ಮೆತ್ತಿದರೆ ಸೋಪಿಗೂ ಬೇಗ ಹೋಗಲ್ಲ. ಕಲ್ಲಿಂದ ಮೆಲ್ಲಗೆ ತಟ್ಟಬೇಕು. ಜೋರಾಗಿ ಹೊಡೆದರೆ ತಿರುಳು ಜಜ್ಜಿ ಹೋಗುತ್ತದೆ. ಅಷ್ಟು ಕಷ್ಟಪಟ್ಟು ಒಂದು ಹಿಡಿ ಬಿಡಿಸಿದ ಮೇಲೆ ಬೆಲೆ ಯಾಕೆ ಗೋಡಂಬಿಯ ಮೂರು ನಾಲ್ಕು ಪಟ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಗೋಡಂಬಿ ಬದಲು ರುಬ್ಬಿ ಕುರ್ಮಾಕ್ಕೆ ಸುರಿಯಬೇಡಿ. ಆಗಲ್ಲ ಅಂತಲ್ಲ, ಗ್ರೇವಿ ನುಣ್ಣಗೆ ಬರುತ್ತದೆ. ಆದರೆ ಚಕ್ಕೆ ಲವಂಗದ ಕೆಳಗೆ ಅದರ ಪರಿಮಳ ಎಲ್ಲಿ ಹೋಯಿತೋ ಗೊತ್ತಾಗಲ್ಲ. ಅದಕ್ಕಿರುವುದು ಬೆಣ್ಣೆಯಂಥ ರುಚಿ, ಹಿಂದೆ ಪೈನ್ ಮರದ ಅಂಟಿನ ಒಂದು ಸಣ್ಣ ವಾಸನೆ, ಅಷ್ಟೇ. ಖಾರ ಜಾಸ್ತಿ ಇರುವ ಕಡೆ ಅದು ಸುಮ್ನೆ ದಂಡ.

ಪಾಸ್ತಾಗೆ ಕಲಸುವ ಹಸಿರು ಚಟ್ನಿಯಂಥ ಪೆಸ್ಟೋ ಹೇಳದೆ ಬಿಟ್ಟರೆ ಜಿನೋವಾದವರು ನನ್ನನ್ನು ಊರು ಬಿಡಿಸುತ್ತಾರೆ. ನಾನು ಕಲಿತದ್ದು ನಮ್ಮ ಮೇಲಿನ ಮಹಡಿಯ ಅಜ್ಜಿಯಿಂದ. ಐವತ್ತು ಗ್ರಾಂ ಬಾಸಿಲಿಕೊ ಎಲೆಗೆ ಪಿನೋಲಿ ಒಂದೇ ಚಮಚ. ಎಲೆ ನಮ್ಮ ಕಾಮಕಸ್ತೂರಿ ಜಾತಿಯದೇ, ಇದೇ ಊರಿನ ಪ್ರಾ ಬಡಾವಣೆ ಕಡೆ ಬೆಳೆಯುವ ಚಿಕ್ಕ ಎಲೆಯಾದರೆ ಚೆನ್ನ. ಅಮೃತಶಿಲೆಯ ಒರಳಲ್ಲಿ ಮೊದಲು ಬೆಳ್ಳುಳ್ಳಿ, ಹರಳುಪ್ಪು. ಆಮೇಲೆ ಎಲೆ, ಅದನ್ನು ಕುಟ್ಟಬಾರದು, ಮರದ ಒನಕೆಯನ್ನು ಒರಳಿನ ಒಳಗೋಡೆಗೆ ಒತ್ತಿ ತಿರುಗಿಸಬೇಕು. ಆಮೇಲೆ ಪಿನೋಲಿ, ಹಸಿಯಾಗಿಯೇ. ನಮಗೆ ಏನು ಸಿಕ್ಕಿದರೂ ಹುರಿಯುವ ಅಭ್ಯಾಸ ಅಲ್ವಾ, ನಾನು ಬಾಣಲೆ ಒಲೆ ಮೇಲಿಟ್ಟದ್ದು ನೋಡಿ ಅಜ್ಜಿ ಮಾತಾಡದೆ ಬಂದು ಒಲೆ ಆರಿಸಿದ್ದರು. ಕೊನೆಗೆ ಚೀಸ್, ಆಲಿವ್ ಎಣ್ಣೆ. ಮಿಕ್ಸಿಯಲ್ಲಿ ಮಾಡುವುದಾದರೆ ಜಾರನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿಯಾದರೆ ಎಲೆ ಕಪ್ಪಾಗುತ್ತದೆ. ಪೆಸ್ಟೋವನ್ನು ಒಲೆ ಮೇಲೆ ಕಾಯಿಸಬೇಡಿ. ಪಾಸ್ತಾ ಬೇಯಿಸಿದ ನೀರು ಎರಡು ಚಮಚ ಹಾಕಿ ಸಡಿಲ ಮಾಡಿದರೆ ಸಾಕು. ಆ ಪಾಸ್ತಾ ಜೊತೆಗೇ ಆಲೂಗಡ್ಡೆ, ಹುರುಳಿಕಾಯಿ ಬೇಯಿಸುತ್ತಾರೆ, ಅದು ನಿಮಗೆ ಹಿಡಿಸುತ್ತದೆ.

ಚೀಸ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಾರ್ಮಿಜಾನೊಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ, ಗ್ರಾನಾ ಪಾದಾನೊಗೂ ಅದೇ. ಪೆಕೊರಿನೊಗೆ ಸಾಮಾನ್ಯವಾಗಿ ಕುರಿಮರಿಯದು. ನಿಮ್ಮ ಮನೆ ಕಟ್ಟುಪಾಡು ನಿಮಗೆ ಗೊತ್ತು. ಬೇಡ ಅಂದರೆ ಪ್ಯಾಕೆಟ್ ಮೇಲೆ "ಕಾಲ್ಯೊ ವೆಜೆತಾಲೆ", ಅಂದರೆ ಸಸ್ಯಮೂಲದ ರೆನೆಟ್, ಅಂತ ಇರುವುದನ್ನು ಹುಡುಕಿ, ಸಿಗುತ್ತದೆ. ನಾನು ಚೀಸ್, ಬೆಳ್ಳುಳ್ಳಿ ಎರಡೂ ಬಿಟ್ಟು, ಪಿನೋಲಿ ಎರಡು ಚಮಚ ಮಾಡಿ, ನಾಲ್ಕು ಹನಿ ನಿಂಬೆರಸ ಹಿಂಡಿ ಚಟ್ನಿ ಅಂತಲೇ ಮಾಡುತ್ತೇನೆ. ದೋಸೆಗೆ ಬಹಳ ಚೆನ್ನಾಗಿರುತ್ತದೆ. ಇಲ್ಲಿಯವರ ಮುಂದೆ ಮಾತ್ರ ಅದನ್ನು ಪೆಸ್ಟೋ ಅನ್ನಬೇಡಿ.

ಇನ್ನೊಂದು, ಇದು ನನ್ನ ನೆಚ್ಚಿನದು. ಪಾಲಕ್ ಸೊಪ್ಪಿಗೆ ಒಣದ್ರಾಕ್ಷಿ, ಪಿನೋಲಿ. ಜಿನೋವಾದ್ದೇ ಹಳೆ ಅಡುಗೆ. ಸೊಪ್ಪನ್ನು ತೊಳೆದ ನೀರಿನಲ್ಲೇ ಬಾಡಿಸಿ ಹಿಂಡಿ. ಎಣ್ಣೆಯಲ್ಲಿ ಪಿನೋಲಿ ಹೊಂಬಣ್ಣ ಬರುವಷ್ಟರಲ್ಲಿ ನೆನೆಸಿದ ದ್ರಾಕ್ಷಿ, ಹಿಂದೆಯೇ ಸೊಪ್ಪು, ಉಪ್ಪು. ನಮ್ಮ ಸೊಪ್ಪಿನ ಪಲ್ಯಕ್ಕೆ ಕಾಯಿತುರಿ ಏನು ಮಾಡುತ್ತದೋ ಆ ಕೆಲಸವನ್ನು ಇಲ್ಲಿ ಪಿನೋಲಿ ಮಾಡುತ್ತದೆ. ನಾನು ಒಂದು ಒಣಮೆಣಸಿನಕಾಯಿ ಮುರಿದು ಹಾಕುತ್ತೇನೆ. ಅಂದ ಹಾಗೆ ಹುರಿಯುವಾಗ ಫೋನ್ ನೋಡಬೇಡಿ. ಸುಮಾರು ಅರ್ಧದಷ್ಟು ಎಣ್ಣೆಯೇ ಇರುವ ಬೀಜ, ಸಣ್ಣ ಉರಿಯಲ್ಲೂ ಎರಡು ಮೂರು ನಿಮಿಷಕ್ಕೆ ಹೊಂಬಣ್ಣ, ಅದರಾಚೆ ಕರಿ. ಬರೀ ಪಿನೋಲಿ ಹುರಿಯುವುದಾದರೆ ಬಣ್ಣ ತಿರುಗಿದ ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯ ಬಿಸಿಯೇ ಅದನ್ನು ಸುಡುತ್ತದೆ.

ಸಿಹಿ ಪೊಂಗಲ್, ಕೇಸರಿಬಾತ್‌ಗೆ ತುಪ್ಪದಲ್ಲಿ ಹುರಿದು ಮೇಲೆ ಹಾಕಿ, ಒಳಗೆ ಕಲಸಬೇಡಿ. ಚಳಿಗಾಲ ಬಂದರೆ ಕಸ್ತಾನ್ಯಾಚೊ ಮಾಡಿ. ಚೆಸ್ಟ್‌ನಟ್ ಹಿಟ್ಟಿಗೆ ನೀರು, ಆಲಿವ್ ಎಣ್ಣೆ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮೇಲೆ ಪಿನೋಲಿ, ದ್ರಾಕ್ಷಿ, ರೋಸ್‌ಮರಿ ಉದುರಿಸಿ ಓವನ್‌ನಲ್ಲಿಡುವುದು. ಮೊಟ್ಟೆ ಇಲ್ಲ, ಸಕ್ಕರೆಯೂ ಇಲ್ಲ. ಮೊದಲ ತುತ್ತಿಗೆ ಇದೇನಪ್ಪಾ ಅನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ಈಗ ಡಿಸೆಂಬರ್‌ನಲ್ಲಿ ಅದಿಲ್ಲದೆ ಆಗಲ್ಲ.

ಈಗ ಮುಖ್ಯವಾದ ಮಾತು. ಪ್ಯಾಕೆಟ್ ತಿರುಗಿಸಿ ಎಲ್ಲಿಯದು ಅಂತ ಓದಿ. ಇದನ್ನು ಉದ್ದ ಹೇಳುವುದಕ್ಕೆ ಕಾರಣ ಇದೆ.

2010ರ ಸುಮಾರಿಗೆ ಅಮ್ಮ ಇಲ್ಲಿಗೆ ಬಂದಿದ್ದರು. ಮೊದಲ ವಿಮಾನ, ಮೊದಲ ಸ್ವೆಟರ್, ಎಲ್ಲದಕ್ಕೂ ಸಂಭ್ರಮ. ಫಾರಿನಾತಾ ತಿಂದು, "ಕಡಲೆಹಿಟ್ಟಿನ ದೋಸೇನ ಇಷ್ಟು ದೊಡ್ಡ ತಾಮ್ರದ ತಟ್ಟೇಲಿ ಮಾಡ್ತಾರಾ" ಅಂತ ಅಂಗಡಿಯವನ ಮುಂದೆಯೇ ಕನ್ನಡದಲ್ಲಿ ಹೊಗಳಿದ್ದರು. ಹೊರಡುವ ಮುಂಚಿನ ವಾರ ಹತ್ತಿರದ ಅಂಗಡಿಯಿಂದ ತಂದ ಪಿನೋಲಿಯನ್ನು ಕೇಸರಿಬಾತ್‌ಗೆ ಹಾಕಿದೆವು. ಮಿಕ್ಕಿದ್ದನ್ನು ಅವರು ಮಾತಾಡುತ್ತಾ ಹಾಗೇ ಬಾಯಿಗೆ ಹಾಕಿಕೊಂಡರು. ಎರಡನೇ ದಿನ ಬೆಳಿಗ್ಗೆ ಕಾಫಿ ಕಹಿ ಅಂದರು. ನಾನು ಡಿಕಾಕ್ಷನ್ ಜಾಸ್ತಿ ಆಯ್ತೇನೋ ಅಂದುಕೊಂಡೆ. ಅನ್ನ ಕಹಿ, ಮೊಸರು ಕಹಿ, ಕಬ್ಬಿಣ ನೆಕ್ಕಿದ ಹಾಗಿದೆ ಅಂದರು. ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಕುಡಿದರು, ಅದೂ ಕಹಿ. ಡಾಕ್ಟರ್ ನಾಲಿಗೆ, ಗಂಟಲು ನೋಡಿ ಏನೂ ಇಲ್ಲ ಅಂತ ಕಳಿಸಿದರು. ಅದೇ ಕೇಸರಿಬಾತ್ ತಿಂದ ನನಗೆ ಏನೂ ಆಗಿರಲಿಲ್ಲ, ಹಾಗಾಗಿ ಯಾರಿಗೂ ಅದರ ಮೇಲೆ ಅನುಮಾನ ಬರಲಿಲ್ಲ. ನನಗೆ ಅಂತ ಅಮ್ಮ ಮಾಡಿಟ್ಟು ಹೋದ ಕೊನೆಯ ಸಾರನ್ನು ರುಚಿ ನೋಡಲಾಗದೆ, ಉಪ್ಪು ಹೇಳು, ಹುಳಿ ಹೇಳು ಅಂತ ನನ್ನನ್ನೇ ಕೇಳಿ ಕೇಳಿ ಮಾಡಿದರು.

ಆಮೇಲೆ ಗೊತ್ತಾಯಿತು, ಅದು ಪಿನೋಲಿಯ ಕೆಲಸ. ಯುರೋಪಿನ ಎಷ್ಟೋ ಕಡೆ ಜನ ಆಗ ಇದನ್ನೇ ಹೇಳಿಕೊಳ್ಳುತ್ತಿದ್ದರು. ತಿಂದು ಒಂದೆರಡು ದಿನಕ್ಕೆ ಶುರುವಾಗಿ, ಒಂದು ವಾರ, ಎರಡು ವಾರ ಇದ್ದು ತಾನೇ ಹೋಗುತ್ತದೆ. ಮದ್ದಿಲ್ಲ, ಬೇರೆ ಅಪಾಯವೂ ಇಲ್ಲ, ಎಲ್ಲರಿಗೂ ಆಗುವುದೂ ಇಲ್ಲ. ಚೀನಾದ ಒಂದು ಜಾತಿಯ ಬಿಳಿ ಪೈನ್ ಬೀಜ ಕಲಬೆರಕೆ ಆಗಿದ್ದ ಪ್ಯಾಕೆಟ್‌ಗಳ ಕಡೆಗೆ ಬೆರಳು ಹೋಯಿತು. ಚೀನಾದ್ದೆಲ್ಲ ಹಾಗಲ್ಲ, ಅಲ್ಲಿಂದ ಬರುವ ಕೊರಿಯನ್ ಪೈನ್ ಬೀಜವನ್ನು ಲೋಕವೆಲ್ಲ ತಿನ್ನುತ್ತದೆ. ಅದು ಗಿಡ್ಡ, ದಪ್ಪ, ತ್ರಿಕೋನದಂತಿರುತ್ತದೆ. ಇಲ್ಲಿಯ ಮರದ್ದು ಉದ್ದ, ಸಪೂರ, ಎಲ್ಲ ಒಂದೇ ಅಳತೆ, ದಂತದ ಬಣ್ಣ. ಬಗೆಬಗೆ ಆಕಾರ ಒಂದೇ ಪ್ಯಾಕೆಟ್‌ನಲ್ಲಿ ಕಂಡರೆ ನಾನು ಮುಟ್ಟುವುದಿಲ್ಲ.

ಫೋನಿನಲ್ಲಿ ಅಮ್ಮನಿಗೆ ಎಲ್ಲ ವಿವರಿಸಿದೆ. ನಂಬಲಿಲ್ಲ. ಆಮೇಲೆ ಮಂಡಿನೋವು, ವೀಸಾ ತಾಪತ್ರಯ, ಮತ್ತೆ ಬರಲೂ ಇಲ್ಲ. ಪಕ್ಕದ ಮನೆಯವರಿಗೆ ಇವತ್ತಿಗೂ "ಆ ಊರಿನ ನೀರೇ ಕಹಿ ಕಣ್ರೀ, ಪಾಪ ಅದು ಹೇಗೆ ಇರತ್ತೋ" ಅಂತಲೇ ಹೇಳುತ್ತಾರೆ. ಇಷ್ಟು ಚಂದದ ಊರು, ಇಷ್ಟು ವರ್ಷದ ನನ್ನ ಸಂಸಾರ, ಅವರ ಲೆಕ್ಕದಲ್ಲಿ ಕಹಿ ನೀರಿನ ಜಾಗ ಆಗಿಬಿಟ್ಟಿತಲ್ಲ ಅನ್ನುವುದು ನನಗೆ ಇನ್ನೂ ಚುಚ್ಚುತ್ತದೆ. ನಿಮ್ಮ ಮನೆಯವರು ಬಂದಾಗ ಹೊಸ ತಿಂಡಿ ಏನಿದ್ದರೂ ಬಂದ ಮೊದಲ ವಾರವೇ ತಿನ್ನಿಸಿ. ಹೊರಡುವ ವಾರ ಸುಮ್ನೆ ಅನ್ನ ಸಾರು.

ಪ್ಯಾಕೆಟ್ ಒಡೆದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ತಿಂಗಳುಗಟ್ಟಲೆ ಇಡುವುದಾದರೆ ಫ್ರೀಜರ್. ಹೊರಗಿಟ್ಟರೆ ಬೇಗ ಕಮಟು ಹಿಡಿಯುತ್ತದೆ.

ಸಸ್ಯಾಹಾರಿಗೆ ಬದುಕೋಕೆ ಧಾರಾಳವಾಗಿ ಆಗುತ್ತದೆ. ಇಲ್ಲಿ ಎಕ್ವಡೋರ್‌ನವರು ಬಹಳ ಜನ, ಬಾಳೆಕಾಯಿ, ಕೊತ್ತಂಬರಿಗೆ ಅವರ ಅಂಗಡಿ ನೋಡಿ. ಬೇಳೆ, ಹುಣಸೆಹಣ್ಣಿಗೆ ವಿಯಾ ಪ್ರೇ ಬೀದಿ ಕಡೆ. ಸಾರಿನಪುಡಿ ಮಾತ್ರ ಮನೆಯದೇ ತರಿಸಿ.

ಮಿಕ್ಸಿ ತರಿಸಿ, ವೋಲ್ಟೇಜ್ ತೊಂದರೆ ಇಲ್ಲ, ಪಿನ್ ಬೇರೆ, ಅಡಾಪ್ಟರ್ ಬೇಕು. ಇಲ್ಲಿ ಸಾಮಾನ್ಯವಾಗಿ ಮನೆಗೆ ಮೂರು ಕಿಲೋವ್ಯಾಟ್ ಕರೆಂಟ್ ಅಷ್ಟೇ. ಓವನ್, ವಾಷಿಂಗ್ ಮೆಷಿನ್ ಓಡುವಾಗ ಇಂಡಕ್ಷನ್ ಹಾಕಿದಿರೋ, ಮನೆಯೆಲ್ಲ ಕತ್ತಲೆ. ಕರೆಂಟ್ ಮತ್ತೆ ಹಾಕಲು ಮೀಟರ್ ಹತ್ತಿರ ಹೋಗಬೇಕು, ಅದು ಸಾಮಾನ್ಯವಾಗಿ ಕಟ್ಟಡದ ಕೆಳಗಡೆ ಮೆಟ್ಟಿಲ ಹತ್ತಿರ ಇರುತ್ತದೆ, ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ.