ಟ್ವೈಲೈಟ್ ಕಾದಂಬರಿಯನ್ನು ಕೆಲವರು ಅಷ್ಟು ಮೆಚ್ಚುತ್ತಾರೆ, ಕೆಲವರು ಬಯ್ಯುತ್ತಾರೆ. ಯಾಕೆ?

2005ರಲ್ಲಿ ಬಂದ ಸ್ಟೆಫನಿ ಮೇಯರ್ ಅವರ ಈ ಕಾದಂಬರಿಗೆ ರಾಯಚೂರಿನ ನಮ್ಮ ಮನೆಯಲ್ಲೇ ಎರಡು ಪಕ್ಷ. ತಂಗಿ ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದಳು. ಕಥೆಯನ್ನು ನಾಯಕಿ ಬೆಲ್ಲಾಳೇ ಹೇಳುವುದರಿಂದ 17ರ ಹುಡುಗಿಯ ತಳಮಳ ನೇರವಾಗಿ ತಟ್ಟುತ್ತದೆ. ಮೆಚ್ಚುವವರಿಗೆ ಅಷ್ಟು ಸಾಕು.

ನನಗೆ ಕಿರಿಕಿರಿ ಆಗಿದ್ದು ಬೆಲ್ಲಾ ಪ್ರೀತಿಸುವ ರಕ್ತಪಿಶಾಚಿ ಎಡ್ವರ್ಡ್‌ನಿಂದ. ರಾತ್ರಿ ಹೇಳದೆ ಕೇಳದೆ ಅವಳ ಕೋಣೆಗೆ ನುಗ್ಗಿ, ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ನಮ್ಮ ಓಣಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ಅದನ್ನು ಪ್ರೀತಿ ಅನ್ನುತ್ತೇವಾ? ಅವನು 1918ರಿಂದ 17ರ ವಯಸ್ಸಿನಲ್ಲೇ ನಿಂತವನು ಬೇರೆ! ಅವನ ಚೆಲುವಿನ ವರ್ಣನೆಯೂ ಜಾಸ್ತಿಯಾಯಿತು.

ಇನ್ನು ಹಳೆಯ ದೆವ್ವದ ಕಥೆ ಇಷ್ಟಪಡುವವರಿಗೆ, ರಕ್ತಪಿಶಾಚಿ ಬಿಸಿಲಿಗೆ ಸುಡದೆ ಸುಮ್ನೆ ಮಿನುಗುವುದೇ ತಮಾಷೆ. ಕಥೆಯ ನೆಲೆಯಾದ ಅಮೆರಿಕದ ಮಳೆಯೂರು ಫೋರ್ಕ್ಸ್‌ನಲ್ಲಿ ಅದು ನಡೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರಿಗೆ ಬರಲಿ, ನೋಡೋಣ.